ಮೂರು ಕಿಲೋ ನಾನೂರ ಹನ್ನೆರಡು ಗ್ರಾಂ

ಲೂನೆನ್‌ಬರ್ಗ್ ಅಂಚೆ ಕಚೇರಿಯ ಎರಡನೇ ಕಿಟಕಿ ನನ್ನದು.
ಬಾಗಿಲು ತೆರೆದಾಗಲೆಲ್ಲ ಬಂದರಿನ ಗಾಳಿ ಒಳನುಗ್ಗಿ
ಅರ್ಜಿಗಳನ್ನು ಒಂದೊಂದೇ ಎತ್ತಿ ನೋಡಿ ಹೋಗುತ್ತದೆ.

ವರ್ನಾ ಹಿಮೆಲ್‌ಮನ್ ಬಂದಳು. ವಯಸ್ಸು ಎಪ್ಪತ್ತೊಂದು.
ಮೀನು ಕಾರ್ಖಾನೆಯ ಕಾಲದ ಹಳದಿ ಕೈಗವಸು ಇನ್ನೂ ಕೈಯಲ್ಲಿ.
ಎದೆಗವಚಿದ ಪೆಟ್ಟಿಗೆಯನ್ನು ನನ್ನ ಕೈಗೆ ಕೊಡಲಿಲ್ಲ,
ತಾನೇ ತಕ್ಕಡಿಯ ಮೇಲಿಟ್ಟಳು, ಮಲಗಿದ ಮಗುವನ್ನು ಇಟ್ಟಂತೆ.

ಒಳಗೇನು, ಅಂದೆ, ನಿಯಮದಂತೆ.
ನಮ್ಮ ಆರ್ವಿಲ್‌ನ ಸೆಕ್ಸ್‌ಟಂಟ್, ಅಂದಳು.
ಮೂವತ್ತೆಂಟು ವರ್ಷ ನಡುಮಧ್ಯಾಹ್ನದ ಸೂರ್ಯನನ್ನು
ಇಳಿಸಿ ತಂದು ನೀರಿನ ಗೆರೆಯ ಮೇಲೆ ಕೂರಿಸಿದ್ದು.
ಈಗ ಆಂಟ್ವರ್ಪಿನ ಯಾವನೋ ಕೊಂಡಿದ್ದಾನೆ.
ಅಣ್ಣ ಹೋದ, ಬಾಯ್ಲರ್ ಕೆಟ್ಟಿದೆ.
ಇಷ್ಟೇ ಕಥೆ.

ತೂಕ ಬರಿ. ಗ್ರಾಂ ಬಿಡದೆ ಬರಿ.

ಬರೆದೆ. ಮೂರು ಕಿಲೋ ನಾನೂರ ಹನ್ನೆರಡು.
ಅದರ ಮೇಲೆ ಠಸ್ಸೆ ಹಾಕು, ಅಂದಳು. ಹಾಕಿದೆ.
ಫೋನು ತೆಗೆದು ತಕ್ಕಡಿಯ ಅಂಕಿಯ ಚಿತ್ರ ಹಿಡಿದಳು,
ಅಂಕಿಯ ಜೊತೆಗೆ ನನ್ನ ಹೆಬ್ಬೆರಳೂ ಬಂತು.

ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಆರ್ವಿಲ್‌ನ ಉಣ್ಣೆಯ ಅಂಗಿ,
ಅಲುಗಾಡಿಸಿದರೆ ಉಸಿರು ಕೂಡ ಕೇಳದ ಹಾಗೆ.
ಪೂರ್ತಿ ಬೆಲೆಗೆ ವಿಮೆ. ಸಹಿ ಪಡೆದೇ ಕೊಡಬೇಕು,
ಹೊಸಿಲಲ್ಲಿ ಇಟ್ಟು ಹೋಗುವಂತಿಲ್ಲ.

ಅವನು ಕೇಳಿದ್ದನಂತೆ: ಉಡುಗೊರೆ ಅಂತ ಬರೆಯಿರಿ,
ಬೆಲೆ ನಲವತ್ತು ಡಾಲರ್ ಅನ್ನಿ, ಸುಂಕ ಉಳಿಯುತ್ತದೆ.
ಕಳೆದುಹೋದರೆ ನಲವತ್ತೇ ಸಿಗುವುದಲ್ಲವೇ, ಅಂದಳು ವರ್ನಾ.
ಹಿತ್ತಾಳೆ ಪೆಟ್ಟಿಗೆಯಲ್ಲಿದೆ ಮಾರಾಯ,
ನನ್ನ ಕಿವಿಯಲ್ಲಲ್ಲ.

ಸಾಲಿನಲ್ಲಿ ಏಳು ಜನ. ಯಾರೋ ಕೆಮ್ಮಿದರು.
ನಾನೂ ಅಂದುಕೊಂಡೆ, ಮುದುಕಿಗೆ ಲೋಕದ ಮೇಲೆ
ಇಷ್ಟೊಂದು ಅನುಮಾನ ಯಾಕೆ.

ಮಂಜು ಕರಗಿತು. ದೋಣಿಗಳಿಗೆ ಬಣ್ಣ ಬಳಿದರು.
ಒಂದು ಬೆಳಿಗ್ಗೆ ಅದೇ ಅಳತೆಯ ಪೆಟ್ಟಿಗೆ ಮರಳಿ ಬಂತು.
ಕನ್ನಡಿ ಒಡೆದಿದೆ, ಹಣ ವಾಪಸು ಮಾಡಿ, ಎಂಬ ಚೀಟಿಯೊಂದಿಗೆ.

ಬಿಚ್ಚಬೇಡ, ಮೊದಲು ತೂಗು.
ಮೂರು ಕಿಲೋ ಇನ್ನೂರ ಅರವತ್ತು.
ನೂರ ಐವತ್ತೆರಡು ಗ್ರಾಂ ಅಟ್ಲಾಂಟಿಕ್‌ಗೆ ಬಿತ್ತೇನು?
ಅಂಗಿ ತೆಗೆದಿರಬಹುದು, ಅಂದೆ. ಕಚೇರಿ ಅಂದಮೇಲೆ
ಎರಡೂ ಕಡೆ ಮಾತಾಡಬೇಕು.

ಅಂಗಿ ಇತ್ತು.

ಅದನ್ನು ಮಡಿಚಿಟ್ಟು, ಯಂತ್ರವನ್ನು ಬೋರಲು ಮಾಡಿ,
ತೋಳಿನ ಅಡಿ, ಯಾರ ಕಣ್ಣೂ ಹೋಗದ ಸಂದಿಯಲ್ಲಿ
ಉಗುರಿನಿಂದ ತಡವಿದಳು.
ಅಲ್ಲಿ ಅವಳು ಉಗುರು ಬಣ್ಣದಿಂದ, ನೇರಳೆ,
ಎಳ್ಳುಕಾಳಿನಷ್ಟು ಒಂದು ಚುಕ್ಕೆ ಇಟ್ಟು ಕಳಿಸಿದ್ದಳು,
ಊರಿಗೆ ಹೊರಟ ಕೂಸಿಗೆ ದೃಷ್ಟಿಬೊಟ್ಟು ಇಟ್ಟ ಹಾಗೆ.
ಚುಕ್ಕೆ ಇಲ್ಲ.
ಒರೆಸಿದ ಗುರುತೂ ಇಲ್ಲ.

ಆಮೇಲಿನದು ಕಾಗದದ ಜಗಳ. ಚಿತ್ರಗಳು, ರಸೀದಿ,
ಠಸ್ಸೆ ಬಿದ್ದ ಅಂಕಿ, ನನ್ನ ಹೆಬ್ಬೆರಳು.
ಜುಲೈ ಹೊತ್ತಿಗೆ ಹಣ ಅವಳದೇ ಆಯಿತು.
ಸಾಲಿನವರು ಈಗ ಅವಳನ್ನು ಕಂಡರೆ ದಾರಿ ಬಿಡುತ್ತಾರೆ,
ಪೊಟ್ಟಣ ಕಟ್ಟುವುದು ಹೇಗೆಂದು ಕೇಳುತ್ತಾರೆ.

ಆದರೆ ನಿನ್ನೆ ಮತ್ತೆ ಬಂದಳು, ಆ ಇನ್ನೊಂದನ್ನು ಹೊತ್ತು.
ನೋಡು, ಅಂದಳು. ಮುಚ್ಚಳದ ಒಳಗೆ ಪೆನ್ಸಿಲಿನ ಲೆಕ್ಕ,
ಕೂಡಿಸಿ, ತಪ್ಪಿ, ಉಗುಳು ಹಚ್ಚಿ ಒರೆಸಿ, ಮತ್ತೆ ಕೂಡಿಸಿದ್ದು.
ಏಳರ ಹೊಟ್ಟೆಗೆ ಅಡ್ಡಗೆರೆ.
ಆರ್ವಿಲ್ ಹೀಗೆ ಏಳು ಬರೆಯುತ್ತಿರಲಿಲ್ಲ.
ಇದೂ ಯಾರದೋ ಅಣ್ಣನದು.
ಇವರು ಚುಕ್ಕೆ ಇಟ್ಟಿರಲಿಲ್ಲ, ಪಾಪ.
ಇದನ್ನು ಮನೆಗೆ ಕಳಿಸಬೇಕಲ್ಲ.

ಯಾರ ಮನೆಗೆ, ಅಂದೆ.
ಅವಳು ಸುಮ್ಮನೆ ನಿಂತಳು, ಗವಸು ಕಳಚಿ, ತೊಟ್ಟು, ಕಳಚಿ.

ಅರ್ಜಿಯಲ್ಲಿ ಆ ಜಾಗ ಖಾಲಿ ಬಿಟ್ಟು
ರೂಢಿಬಲದಿಂದ ತೂಕ ಬರೆದೆ,
ಗ್ರಾಂ ಬಿಡದೆ.